ಯಜ್ಞವೇದಿಯ ಅಳತೆ, ಮನೆಯ ಬಟ್ಟಲು

1920ರ ಜನವರಿಯಲ್ಲಿ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂತು. ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಎಲ್ಲವೂ ಅಪರಾಧವಾಯಿತು. ಆದರೂ ಅದನ್ನು ಜಾರಿಗೆ ತಂದ ವೋಲ್‌ಸ್ಟೆಡ್ ಕಾಯ್ದೆ ಧಾರ್ಮಿಕ ವಿಧಿಗೆ ಬೇಕಾದ ವೈನಿಗೆ ವಿನಾಯಿತಿ ಕೊಟ್ಟಿತ್ತು. ಕ್ಯಾಥೊಲಿಕರಿಗೆ ಇದರಿಂದ ದೊಡ್ಡ ತೊಡಕೇನೂ ಆಗಲಿಲ್ಲ. ಅವರ ಪೂಜೆಯ ವೈನ್ ಚರ್ಚಿನೊಳಗೆ ಪಾದ್ರಿಯ ಕೈಯಲ್ಲಿ ಇರುತ್ತಿತ್ತು. ಯೆಹೂದಿಗಳಿಗೆ ವೈನ್ ಬೇಕಾಗುವುದು ಪ್ರತಿ ಶುಕ್ರವಾರ ಸಂಜೆ, ಮನೆಯ ಊಟದ ಮೇಜಿನ ಮೇಲೆ. ಹಾಗಾಗಿ ಅವರ ಧರ್ಮಗುರುಗಳಾದ ರಬ್ಬಿಗಳು ಪರವಾನಗಿ ಪಡೆದು ತಮ್ಮ ಸಭೆಯ ಕುಟುಂಬಗಳಿಗೆ ಅದನ್ನು ಹಂಚುವ ಏರ್ಪಾಡಾಯಿತು. ಕಳ್ಳದಂಧೆಯವರಿಗೆ ಇಷ್ಟು ಸಂದು ಸಾಕಾಯಿತು. ಇಲ್ಲದ ಸಭೆಗಳು ಕಾಗದದ ಮೇಲೆ ಹುಟ್ಟಿದವು, ಹೀಬ್ರೂ ಓದಲು ಬಾರದವರು ರಬ್ಬಿಗಳಾದರು, ಪತ್ರಿಕೆಗಳಲ್ಲಿ ಹಗರಣಗಳ ಸುದ್ದಿ ಬರತೊಡಗಿತು. ವಲಸೆ ಬಂದು ಆಗಷ್ಟೇ ನೆಲೆ ಕಂಡುಕೊಳ್ಳುತ್ತಿದ್ದ ಸಮುದಾಯಕ್ಕೆ ಇದು ಮಾನದ ಪ್ರಶ್ನೆಯಾಯಿತು.

ನ್ಯೂಯಾರ್ಕಿನ ಯೆಹೂದಿ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ತಾಲ್ಮುದ್ ಎಂಬ ಧರ್ಮಗ್ರಂಥವನ್ನು ಕಲಿಸುತ್ತಿದ್ದ ಲೂಯಿ ಗಿನ್ಸ್‌ಬರ್ಗ್ ಅವರ ಮುಂದೆ ಆಗ ಒಂದು ನೇರ ಪ್ರಶ್ನೆ ಬಂತು. ಹುದುಗದ ದ್ರಾಕ್ಷಿ ರಸದ ಮೇಲೆ ಸಬ್ಬತ್ತಿನ ಆಶೀರ್ವಾದ ಹೇಳಬಹುದೇ? ಹೇಳಬಹುದಾದರೆ ಪರವಾನಗಿಯೂ ಬೇಡ, ಹಗರಣವೂ ಇಲ್ಲ. ಗಿನ್ಸ್‌ಬರ್ಗ್ ಲಿಥುವೇನಿಯಾದ ಕೋವ್ನೋದಲ್ಲಿ ಹುಟ್ಟಿದ ಪಂಡಿತರು, ವಿಲ್ನಾದ ಮಹಾಗುರುವಿನ ಕುಟುಂಬದ ಕುಡಿ. 1922ರಲ್ಲಿ ಅವರು ಹೀಬ್ರೂವಿನಲ್ಲಿ ಬರೆದ ಸುದೀರ್ಘ ಉತ್ತರದ ಸಾರ ಇಷ್ಟು: ಹೇಳಬಹುದು, ಅದರಲ್ಲಿ ಕೊರತೆ ಏನೂ ಇಲ್ಲ. ಸಂಪ್ರದಾಯನಿಷ್ಠ ರಬ್ಬಿಗಳಲ್ಲಿ ಅನೇಕರು ಕೆರಳಿದರು. ಸರ್ಕಾರದ ಕಾನೂನಿಗೆ ಹೆದರಿ ದೇವರ ಕಾನೂನನ್ನು ಬಗ್ಗಿಸಿದರು ಎಂಬುದು ಅವರ ದೂರು.

ಆ ದೂರು ನಿಜವೇ ಎಂದು ತಿಳಿಯಬೇಕಾದರೆ ತಾಲ್ಮುದ್ ರೂಪುಗೊಂಡ ಬಾಬಿಲೋನಿನವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಶುಕ್ರವಾರ ಸೂರ್ಯ ಮುಳುಗಿದೊಡನೆ ಯೆಹೂದಿಗಳ ಸಬ್ಬತ್ ಆರಂಭ. ಊಟಕ್ಕೆ ಮುಂಚೆ ಬಟ್ಟಲು ತುಂಬ ವೈನ್ ಹಿಡಿದು ಎರಡು ಆಶೀರ್ವಾದಗಳನ್ನು ಹೇಳುತ್ತಾರೆ. ಒಂದು ಬಳ್ಳಿಯ ಫಲವನ್ನು ಸೃಷ್ಟಿಸಿದ್ದಕ್ಕೆ, ಇನ್ನೊಂದು ಆ ದಿನವನ್ನು ಪವಿತ್ರಗೊಳಿಸಿದ್ದಕ್ಕೆ. ಇದೇ ಕಿದ್ದೂಷ್. ಸಬ್ಬತ್ ದಿನವನ್ನು ನೆನೆದು ಪವಿತ್ರವಾಗಿ ಆಚರಿಸಬೇಕೆಂಬ ಆಜ್ಞೆ ಬೈಬಲಿನ ವಿಮೋಚನಕಾಂಡದಲ್ಲಿದೆ. ಆ ನೆನಪು ವೈನಿನ ಮೇಲೆ ಆಗಬೇಕು ಎಂದವರು ತಾಲ್ಮುದಿನ ಪಂಡಿತರು. ಬಟ್ಟಲಿನಲ್ಲಿ ಕನಿಷ್ಠ ಒಂದು ‘ರೆವಿಇತ್’ ಇರಬೇಕು. ಅದು ಎಷ್ಟು ಎಂಬುದರಲ್ಲಿ 20ನೇ ಶತಮಾನದ ಇಬ್ಬರು ಗುರುಗಳು ಒಪ್ಪಲಿಲ್ಲ. ಜೆರುಸಲೇಮಿನ ಹಾಯಿಮ್ ನಾಯೆ 86 ಮಿಲಿಲೀಟರ್ ಎಂದರು, ಬ್ನೆಯ್ ಬ್ರಾಕ್ ಊರಿನ ಹಜೋನ್ ಈಶ್ ಸುಮಾರು 150 ಎಂದರು. ಮನೆಯಲ್ಲಿ ಯಾವ ಅಳತೆಯ ಬೆಳ್ಳಿ ಬಟ್ಟಲು ಇದೆ ಎಂಬುದನ್ನು ನೋಡಿದರೆ ಆ ಮನೆ ಯಾವ ಗುರುಪರಂಪರೆಯದು ಎಂದು ಇವತ್ತಿಗೂ ಊಹಿಸಬಹುದು.

ಹಾಗಾದರೆ ಯಾವ ವೈನ್? ಮೂರನೇ ಶತಮಾನದ ಬಾಬಿಲೋನಿನಲ್ಲಿ ಸೂರಾ ಪಟ್ಟಣದ ವಿದ್ಯಾಪೀಠವನ್ನು ಕಟ್ಟಿದ ರವ್ ಎಂಬ ಪಂಡಿತ ಹಾಕಿಕೊಟ್ಟ ಅಳತೆ ಬಹಳ ಎತ್ತರದ್ದು. ಜೆರುಸಲೇಮಿನ ದೇವಾಲಯದ ಯಜ್ಞವೇದಿಯ ಮೇಲೆ ಪಾನದ್ರವ್ಯವಾಗಿ ಸುರಿಯಲು ಯಾವ ವೈನ್ ಯೋಗ್ಯವೋ ಅದರ ಮೇಲೆ ಮಾತ್ರ ಕಿದ್ದೂಷ್ ಸಲ್ಲುತ್ತದೆ. ಆ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲೇ ಸುಟ್ಟಿದ್ದರು. ರವ್ ಈ ಮಾತು ಹೇಳುವ ಹೊತ್ತಿಗೆ ವೇದಿಯೂ ಇರಲಿಲ್ಲ, ಅಲ್ಲಿ ಸುರಿಯುವ ಯಾಜಕನೂ ಇರಲಿಲ್ಲ. ಇಲ್ಲದ ವೇದಿಯ ಅಳತೆಯನ್ನು ಪ್ರತಿ ಮನೆಯ ಮೇಜಿಗೆ ತಂದಿಟ್ಟದ್ದು ಸಣ್ಣ ಕೆಲಸವಲ್ಲ. ಅಲ್ಲಿಂದ ಮುಂದೆ ಮನೆಯ ಯಜಮಾನ, ಯಜಮಾನಿತಿ ಇಬ್ಬರೂ ಯಾಜಕರ ಹೊಣೆ ಹೊತ್ತಂತೆಯೇ.

ಈ ಅಳತೆಗೆ ಸಿಕ್ಕಿ ಮೊದಲು ಹೊರಬಿದ್ದದ್ದು ನಾತ ಹಿಡಿದ ವೈನ್. ಅದರ ಜೊತೆಗೇ ಹೊರಬಿದ್ದದ್ದು ಮುಚ್ಚದೆ ಇಟ್ಟ ವೈನ್. ರಾತ್ರಿ ಹಾವು ಬಂದು ಕುಡಿದು ವಿಷ ಬಿಟ್ಟಿರಬಹುದು ಎಂಬ ಭಯ ಅಂದಿನವರಿಗೆ. ಕಾಲಾಂತರದಲ್ಲಿ ಹಾವಿನ ಭಯ ಹೋಯಿತು, ಊರುಗಳು ಬದಲಾದವು, ತೆರೆದಿಟ್ಟ ನೀರನ್ನೂ ಹಾಲನ್ನೂ ಜನ ಕುಡಿಯತೊಡಗಿದರು. ಆದರೂ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಶುಲ್ಖಾನ್ ಆರೂಖ್’ ಎಂಬ ಧರ್ಮಸಂಹಿತೆಯಲ್ಲಿ ಯೋಸೆಫ್ ಕಾರೋ ತೆರೆದಿಟ್ಟ ವೈನನ್ನು ಕಿದ್ದೂಷ್‌ನಿಂದ ದೂರವೇ ಇಟ್ಟರು. ಇದಕ್ಕೆ ಕೊಡುವ ಕಾರಣ ಪ್ರವಾದಿ ಮಲಾಕಿಯದು: ಊರಿನ ಅಧಿಪತಿಗೆ ಕೊಡಲು ನಾಚುವಂಥದ್ದನ್ನು ದೇವರಿಗೆ ಕೊಡಬಹುದೇ? ಅಪಾಯ ಹೋದ ಮೇಲೂ ನಿಯಮ ಉಳಿದದ್ದು ಮರ್ಯಾದೆಯ ಕಾರಣಕ್ಕೆ. ಈ ಒಂದು ಸಣ್ಣ ಬದಲಾವಣೆಯಲ್ಲಿ ಇಡೀ ಶಾಸ್ತ್ರದ ಮನಸ್ಸು ಕಾಣುತ್ತದೆ. ಅದು ವೈನನ್ನಷ್ಟೇ ಪರೀಕ್ಷಿಸುತ್ತಿಲ್ಲ, ಒಳ್ಳೆಯದನ್ನು ತರಬಲ್ಲವನು ಏನನ್ನು ತಂದ ಎಂದೂ ಕೇಳುತ್ತಿದೆ.

ತರಲಾರದವನ ಕತೆ ಬೇರೆ. ಅದೇ ತಾಲ್ಮುದಿನಲ್ಲಿ, ಅದೇ ರವ್ ಬಗ್ಗೆ ಒಂದು ವರದಿಯಿದೆ. ಅವನಿಗೆ ಕೆಲವು ದಿನ ರೊಟ್ಟಿಯ ಮೇಲೆ ಮನಸ್ಸು ಹೆಚ್ಚಾಗಿದ್ದರೆ ರೊಟ್ಟಿಯ ಮೇಲೇ ಕಿದ್ದೂಷ್ ಹೇಳುತ್ತಿದ್ದನಂತೆ; ವೈನ್ ಇಷ್ಟವಾದ ದಿನ ವೈನಿನ ಮೇಲೆ. ಯಜ್ಞವೇದಿಗೆ ಸಲ್ಲುವ ವೈನೇ ಬೇಕೆಂದ ನಾಲಿಗೆಯದೇ ಈ ನಡವಳಿಕೆ. ಮನೆಯಲ್ಲಿ ವೈನ್ ಇಲ್ಲದಿದ್ದರೆ ರಾತ್ರಿಯ ಕಿದ್ದೂಷ್ ರೊಟ್ಟಿಯ ಮೇಲೆ ಆಗುತ್ತದೆ ಎಂಬುದು ಮುಂದೆ ಸ್ಥಿರವಾದ ನಿಯಮವಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು ನಾಲ್ಕನೇ ಶತಮಾನದ ಪಂಡಿತ ರಾವಾ. ಕೈಯಲ್ಲಿರುವ ಕಾಸು ಒಂದೋ ದೀಪದ ಎಣ್ಣೆಗೆ, ಒಂದೋ ಕಿದ್ದೂಷ್‌ನ ವೈನಿಗೆ ಸಾಕಾಗುವುದಾದರೆ ದೀಪಕ್ಕೇ ಕೊಡಬೇಕು ಎಂದು ಅವನು ತೀರ್ಪು ಕೊಟ್ಟ. ಕತ್ತಲಲ್ಲಿ ಕೂತ ಮನೆಯಲ್ಲಿ ಒಬ್ಬರಿಗೊಬ್ಬರು ಎಡವುತ್ತಾರೆ, ಮನೆಯ ನೆಮ್ಮದಿ ಕೆಡುತ್ತದೆ. ಆ ನೆಮ್ಮದಿಯ ಮುಂದೆ ವೇದಿಗೆ ತಕ್ಕ ವೈನೂ ಹಿಂದೆ ಸರಿಯಬೇಕು. ಶುಕ್ರವಾರ ಸಂಜೆ ಕಾಸು ಎಣಿಸುವ ಹೆಂಗಸನ್ನು ಕಣ್ಣ ಮುಂದೆ ಇಟ್ಟುಕೊಳ್ಳದೆ ಬರೆಯಬಹುದಾದ ತೀರ್ಪು ಇದಲ್ಲ.

ರಾವಾನ ಇನ್ನೊಂದು ಮಾತೇ ಗಿನ್ಸ್‌ಬರ್ಗ್ ಕೈಗೆ ಆಧಾರವಾಗಿ ಸಿಕ್ಕಿದ್ದು. ದ್ರಾಕ್ಷಿಯ ಗೊಂಚಲೊಂದನ್ನು ಹಿಂಡಿ, ಬಂದ ರಸದ ಮೇಲೆ ಆಗಿಂದಾಗಲೇ ಕಿದ್ದೂಷ್ ಹೇಳಬಹುದು ಎಂದು ಅವನು ಅನುಮತಿಸಿದ್ದ. ಆ ರಸ ಹುದುಗಿಲ್ಲ, ಅದರಲ್ಲಿ ಅಮಲಿಲ್ಲ. ಅಂದಮೇಲೆ ಶಾಸ್ತ್ರ ಕೇಳುತ್ತಿರುವುದು ಬಳ್ಳಿಯ ಫಲವನ್ನು, ಮತ್ತನ್ನಲ್ಲ. 1922ರ ಉತ್ತರ ಸರ್ಕಾರಕ್ಕೆ ಹೆದರಿ ಕಟ್ಟಿದ್ದಲ್ಲ. ಸಾವಿರದ ಐನೂರಕ್ಕೂ ಹೆಚ್ಚು ವರ್ಷ ಹಳೆಯ ತೀರ್ಪಿನ ಮೇಲೆ ನಿಂತದ್ದು. ಆಕ್ಷೇಪ ಎತ್ತಿದವರ ಕಳವಳವನ್ನೂ ತಳ್ಳಿಹಾಕಬೇಕಿಲ್ಲ. ಹಳೆಯ ಕಾಲದಲ್ಲಿ ಹಿಂಡಿದ ರಸ ಕೆಲವೇ ದಿನಗಳಲ್ಲಿ ತಾನಾಗಿ ಹುದುಗುತ್ತಿತ್ತು. ಸಿಪ್ಪೆಗೆ ಅಂಟಿದ ಯೀಸ್ಟ್ ಸುಮ್ಮನಿರುವುದಿಲ್ಲ. ರಸವನ್ನು ರಸವಾಗಿಯೇ ವರ್ಷವಿಡೀ ಇಡುವುದು ಸಾಧ್ಯವಾದದ್ದು 1869ರಲ್ಲಿ, ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಎಂಬ ದಂತವೈದ್ಯ ಪಾಶ್ಚರನ ವಿಧಾನದಲ್ಲಿ ಅದನ್ನು ಬಿಸಿ ಮಾಡಿ ಸೀಸೆಗೆ ತುಂಬಿದಾಗ. ಅವನಿಗೆ ಬೇಕಾಗಿದ್ದದ್ದು ತನ್ನ ಮೆಥೊಡಿಸ್ಟ್ ಚರ್ಚಿಗೆ ಅಮಲಿಲ್ಲದ ಪಾನೀಯ. ಅಂಥ ಸೀಸೆಯ ರಸ ಇನ್ನು ವೈನಾಗಲಾರದು. ವೈನಾಗಲು ಹೊರಟ ರಸಕ್ಕೂ ವೈನಾಗುವ ದಾರಿಯೇ ಮುಚ್ಚಿದ ರಸಕ್ಕೂ ವ್ಯತ್ಯಾಸವಿದೆ ಎಂಬ ವಾದ ಸುಳ್ಳಲ್ಲ. ರಸವನ್ನು ಪೂರಾ ಬತ್ತಿಸಿ ಆಮೇಲೆ ನೀರು ಬೆರೆಸಿ ಮಾಡಿದ್ದಕ್ಕೆ ಬಳ್ಳಿಯ ಆಶೀರ್ವಾದ ಸಲ್ಲುವುದಿಲ್ಲ ಎಂದು ಜೆರುಸಲೇಮಿನ ಶ್ಲೋಮೊ ಜಾಲ್ಮನ್ ಔರ್‌ಬಾಖ್ ಮುಂದೆ ವಾದಿಸಿದ್ದೂ ಈ ಜಾಡಿನಲ್ಲೇ. ಸಾಮಾನ್ಯ ದ್ರಾಕ್ಷಿ ರಸವನ್ನು ಮಾತ್ರ ಇವತ್ತು ಬಹುತೇಕ ಎಲ್ಲ ಪಂಗಡದವರೂ ಒಪ್ಪುತ್ತಾರೆ. ಕುಡಿತದ ಚಟದಿಂದ ಬಿಡಿಸಿಕೊಂಡು ಬಂದವರು, ಮಾತ್ರೆ ನುಂಗುವ ರೋಗಿಗಳು, ಬಸುರಿಯರು, ಮಕ್ಕಳು ಒಂದೇ ಮೇಜಿನಲ್ಲಿ ತಲೆ ಎತ್ತಿ ಬಟ್ಟಲು ಹಿಡಿಯುವುದು ಇದರಿಂದ ಸಾಧ್ಯವಾಗಿದೆ.

ಬಣ್ಣದ ಜಗಳ ಇನ್ನೂ ಹಳೆಯದು. ಬಿಳಿ ವೈನಿನ ಬಗ್ಗೆ ಕೇಳಿದಾಗ ರಾವಾ ಬೈಬಲಿನ ಜ್ಞಾನೋಕ್ತಿಗಳ ಒಂದು ವಚನವನ್ನು ಎತ್ತಿಕೊಂಡ. ಅಲ್ಲಿ ವೈನನ್ನು ವರ್ಣಿಸುವುದು ಅದರ ಕೆಂಪಿನಿಂದ. ಇಷ್ಟರ ಮೇಲೆ 13ನೇ ಶತಮಾನದ ಸ್ಪೇನಿನ ನಖ್ಮನಿಡೀಸ್ ಬಿಳಿ ವೈನಿನ ಕಿದ್ದೂಷ್ ಹೇಳಿ ಮುಗಿಸಿದ್ದರೂ ಅದು ಸಲ್ಲದು ಎಂದುಬಿಟ್ಟರು. ಯೋಸೆಫ್ ಕಾರೋ ಅವರ ಮತವನ್ನು ಗೌರವದಿಂದ ದಾಖಲಿಸಿ, ಲೋಕದ ರೂಢಿ ಹಾಗಿಲ್ಲ ಎಂದು ಮುಗಿಸಿದರು. ಪಸ್ಕ ಹಬ್ಬದ ರಾತ್ರಿ ಕುಡಿಯಬೇಕಾದ ನಾಲ್ಕು ಬಟ್ಟಲು ವೈನಿಗೆ ಕೆಂಪನ್ನೇ ಹುಡುಕಬೇಕು, ಆದರೆ ಸಿಕ್ಕ ಬಿಳಿ ವೈನ್ ಅದಕ್ಕಿಂತ ಉತ್ತಮವಾಗಿದ್ದರೆ ಕೆಂಪೇ ಬೇಕೆಂದಿಲ್ಲ ಎಂಬ ಮಾತು ಅದೇ ಗ್ರಂಥದಲ್ಲಿದೆ.

ಅಷ್ಟಕ್ಕೇ ನಿಂತಿದ್ದರೆ ಇದು ರುಚಿಯ ಚರ್ಚೆಯಾಗಿ ಉಳಿಯುತ್ತಿತ್ತು. ಯುರೋಪಿನಲ್ಲಿ ಯೆಹೂದಿಗಳು ಪಸ್ಕ ಹಬ್ಬಕ್ಕೆ ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ಬಳಸುತ್ತಾರೆ ಎಂಬ ಘೋರ ಸುಳ್ಳು ಶತಮಾನಗಳ ಕಾಲ ಹಬ್ಬಿತ್ತು. ಮೇಜಿನ ಮೇಲಿನ ಕೆಂಪು ಬಟ್ಟಲನ್ನೇ ಸಾಕ್ಷಿಯಾಗಿ ತೋರಿಸುವ ದಿನಗಳು ಅವು. 17ನೇ ಶತಮಾನದ ಪೋಲೆಂಡಿನಲ್ಲಿ ದಾವಿದ್ ಹಲೇವಿ ಸೇಗಲ್ ಧರ್ಮಸಂಹಿತೆಯ ಆ ಜಾಗಕ್ಕೆ ಟಿಪ್ಪಣಿ ಬರೆಯುತ್ತ, ಸುಳ್ಳು ಆರೋಪಗಳ ಕಾರಣ ಈಗ ಕೆಂಪು ವೈನನ್ನು ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾರೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. 1664ರಲ್ಲಿ ಲ್ವೋವ್ ಪಟ್ಟಣದ ಗಲಭೆಯಲ್ಲಿ ಅವರ ಇಬ್ಬರು ಗಂಡುಮಕ್ಕಳು ಕೊಲೆಯಾದರು. ಬಿಳಿಯೋ ಕೆಂಪೋ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಶಾಸ್ತ್ರಕಾರ ಗ್ರಂಥವನ್ನು ನೋಡಿದಷ್ಟೇ ಕಿಟಕಿಯಾಚೆ ಬೀದಿಯನ್ನೂ ನೋಡಬೇಕಾಗಿತ್ತು. ಮನೆಯವರ ಜೀವದ ಮುಂದೆ ಬಣ್ಣ ಸೋತಿತು, ಸೋಲಲೇಬೇಕಾಗಿತ್ತು.

ಜೇನಿನ ಮತ್ತು ಬೆಂಕಿಯ ವಿಚಾರಕ್ಕೆ ಬಂದರೆ ಗಂಟು ಬಿಗಿಯಾಗುತ್ತದೆ. ವೇದಿಯ ಮೇಲೆ ಜೇನನ್ನೂ ಹುಳಿಹಿಟ್ಟನ್ನೂ ಅರ್ಪಿಸಬಾರದೆಂದು ಯಾಜಕಕಾಂಡ ಹೇಳುತ್ತದೆ. ಕಾಯಿಸಿದ ವೈನ್ ಪಾನದ್ರವ್ಯಕ್ಕೆ ಸಲ್ಲದೆಂದು ತಾಲ್ಮುದಿಗೆ ಆಧಾರವಾದ ಮಿಷ್ನಾ ಹೇಳುತ್ತದೆ. 12ನೇ ಶತಮಾನದ ಈಜಿಪ್ಟಿನಲ್ಲಿ ಕುಳಿತು ಬರೆದ ಮೈಮೊನಿಡೀಸ್ ಎರಡನ್ನೂ ನೇರವಾಗಿ ಮೇಜಿಗೆ ಅನ್ವಯಿಸಿದರು. ದೊಡ್ಡ ಹಂಡೆಯ ವೈನಿಗೆ ಸಾಸಿವೆಯಷ್ಟು ಜೇನು ಬಿದ್ದರೂ ಅದರ ಮೇಲೆ ಕಿದ್ದೂಷ್ ಇಲ್ಲ. ಯೆಮನ್ ಮೂಲದ ಕುಟುಂಬಗಳಲ್ಲಿ ಹಲವು ಇವತ್ತಿಗೂ ಸಕ್ಕರೆ ಹಾಕಿದ ವೈನನ್ನು ಒಲ್ಲದಿರುವುದು ಈ ತೀರ್ಪಿನ ಬಲದಿಂದ. ಪೋಲೆಂಡಿನ ಕ್ರಾಕೋವ್‌ನಲ್ಲಿದ್ದ ಮೋಶೆ ಇಸ್ಸೆರ್ಲೆಸ್ ಇದಕ್ಕೆ ಸಮ್ಮತಿಸಲಿಲ್ಲ. ಜೇನು ಬೆರೆತದ್ದು ಅಥವಾ ಕಾಯಿಸಿದ್ದು ಮನೆಯಲ್ಲಿರುವ ಬೇರೆ ವೈನಿಗಿಂತ ಚೆನ್ನಾಗಿದ್ದರೆ ಅದರ ಮೇಲೇ ಹೇಳುವುದು ನಮ್ಮ ರೂಢಿ ಎಂದರು. ಇಲ್ಲೂ ಅದೇ ಪ್ರಶ್ನೆ ಮರಳಿ ಬಂದಿತು: ಈ ಮನೆಯವನು ತರಬಹುದಾಗಿದ್ದರಲ್ಲಿ ಉತ್ತಮ ಯಾವುದು?

ಈ ರೂಢಿ ಇಲ್ಲದಿದ್ದರೆ 20ನೇ ಶತಮಾನದ ಅಮೆರಿಕದ ಯೆಹೂದಿ ಮೇಜು ಬರಿದಾಗಿರುತ್ತಿತ್ತು. ಅಲ್ಲಿನ ಪೂರ್ವ ರಾಜ್ಯಗಳಲ್ಲಿ ಅಗ್ಗವಾಗಿ, ಹೇರಳವಾಗಿ ಸಿಗುತ್ತಿದ್ದದ್ದು ಕಾಂಕರ್ಡ್ ದ್ರಾಕ್ಷಿ. ಮ್ಯಾಸಚೂಸೆಟ್ಸ್‌ನ ಎಫ್ರೈಮ್ ಬುಲ್ 1849ರಲ್ಲಿ ಬೆಳೆಸಿದ ತಳಿ ಅದು. ಅದರ ಕಡು ಪರಿಮಳ, ಜಾರುವ ಸಿಪ್ಪೆ ಹೇಗಿರಬಹುದು ಎಂದು ಕನ್ನಡ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿಯ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿರುವುದೂ ಅದೇ ಅಮೆರಿಕನ್ ಕುಲದ ರಕ್ತ. ಹುಳಿ ಜಾಸ್ತಿಯಾದ ಆ ವೈನಿಗೆ ಸಕ್ಕರೆ ಸುರಿಯದೆ ಗತಿಯಿರಲಿಲ್ಲ. ಮ್ಯಾನಿಷೆವಿಟ್ಸ್ ಹೆಸರಿನಲ್ಲಿ ಬ್ರೂಕ್ಲಿನ್‌ನಲ್ಲಿ ತಯಾರಾದ ಪಾಕದಂಥ ವೈನ್ ಎರಡನೇ ಮಹಾಯುದ್ಧದ ನಂತರ ಲಕ್ಷಾಂತರ ಮನೆಗಳ ಸಬ್ಬತ್ತಿನ ರುಚಿಯೇ ಆಯಿತು. ಉತ್ತಮ ವೈನ್ ಬಲ್ಲವರು ಅದನ್ನು ಹಳಿಯುತ್ತಾರೆ. ಹೊಲಿಗೆ ಕಾರ್ಖಾನೆಯಲ್ಲಿ ವಾರವಿಡೀ ದುಡಿದು ಬಂದವರು ಕೈಗೆಟುಕುವ ಬೆಲೆಗೆ ತಂದು, ಮಕ್ಕಳಿಗೂ ಒಂದು ಗುಟುಕು ಕೊಟ್ಟ ವೈನ್ ಅದು. ಆ ಮೇಜಿನ ಮಟ್ಟಿಗೆ ಇಸ್ಸೆರ್ಲೆಸ್ ಹೇಳಿದ್ದೇ ಸರಿ.

ವೈನೇ ಸಿಗದ ನಾಡುಗಳಲ್ಲಿ ಏನು ಮಾಡಬೇಕು ಎಂಬುದಕ್ಕೆ ತಾಲ್ಮುದ್ ಒಂದು ಘಟನೆಯ ಮೂಲಕ ಉತ್ತರಿಸುತ್ತದೆ. ಅಮೈಮಾರ್ ಎಂಬ ಪಂಡಿತ ಒಂದು ಊರಿಗೆ ಅತಿಥಿಯಾಗಿ ಬಂದ. ಸಬ್ಬತ್ತನ್ನು ಬೀಳ್ಕೊಡುವ ಹವ್ದಾಲಾ ವಿಧಿಗೆ ಆತಿಥೇಯರ ಬಳಿ ವೈನ್ ಇರಲಿಲ್ಲ, ಖರ್ಜೂರದ ಬಿಯರ್ ತಂದಿಟ್ಟರು. ಅವನು ಮುಟ್ಟಲಿಲ್ಲ. ಹವ್ದಾಲಾ ಆಗದೆ ಊಟ ಮಾಡುವಂತಿಲ್ಲವಾದ್ದರಿಂದ ಹಸಿದೇ ಮಲಗಿದ. ಮರುದಿನ ಹೇಗೋ ಕಷ್ಟಪಟ್ಟು ವೈನ್ ಹುಡುಕಿ ತಂದುಕೊಟ್ಟರು. ಮರುವರ್ಷ ಮತ್ತೆ ಬಂದ, ಮತ್ತೆ ಬಿಯರೇ ಎದುರಾಯಿತು. ಆಗ ಅವನಿಗೆ ತಿಳಿಯಿತು: ಈ ಊರಿನಲ್ಲಿ ಜನ ಕುಡಿಯುವುದೇ ಇದು, ಇದೇ ಈ ನಾಡಿನ ವೈನ್. ಅದರ ಮೇಲೆ ಹವ್ದಾಲಾ ಹೇಳಿ ಉಂಡ. ಬಡತನಕ್ಕೆ ಕೊಡುವ ರಿಯಾಯಿತಿಯನ್ನು ಕಲಿಯಲು ಒಬ್ಬ ದೊಡ್ಡ ಪಂಡಿತ ಒಂದು ರಾತ್ರಿ ಹಸಿಯಬೇಕಾಯಿತು ಎಂಬುದನ್ನು ತಾಲ್ಮುದ್ ಮುಚ್ಚಿಡದೆ ಹೇಳಿದೆ. ಈ ‘ನಾಡಿನ ವೈನ್’ ಎಂಬ ತತ್ವದ ಮೇಲೆಯೇ ವೈನ್ ದುಬಾರಿಯಾಗಿದ್ದ ಪೋಲೆಂಡ್, ಲಿಥುವೇನಿಯಾಗಳಲ್ಲಿ ಸಬ್ಬತ್ ಬೆಳಗಿನ ಕಿದ್ದೂಷ್‌ಗೆ ಬ್ರಾಂದಿ ಬಂತು.

ಭಾರತದಲ್ಲಿ ಆ ಪಾತ್ರ ವಹಿಸಿದ್ದು ಒಣದ್ರಾಕ್ಷಿ. ಒಣದ್ರಾಕ್ಷಿಯನ್ನು ನೆನೆಸಿ ತೆಗೆದದ್ದೂ ವೈನೇ ಎಂದು ಶಾಸ್ತ್ರ ಒಪ್ಪುತ್ತದೆ, ಹಿಂಡಿದಾಗ ಹಣ್ಣಿನಲ್ಲೇ ಉಳಿದ ರಸ ಒಸರುವಂತಿರಬೇಕು ಎಂಬ ಒಂದು ಷರತ್ತಿನ ಮೇಲೆ. ಕೊಂಕಣ ಕರಾವಳಿಯ ಯೆಹೂದಿಗಳಾದ ಬೆನೆ ಇಸ್ರಾಯೇಲರು ಎಣ್ಣೆ ಗಾಣದ ಕಸುಬಿನವರಾಗಿದ್ದರು. ಸಬ್ಬತ್ ದಿನವಾದ ಶನಿವಾರ ಗಾಣ ಕಟ್ಟದ ಕಾರಣ ನೆರೆಹೊರೆಯ ಮರಾಠಿಗರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಅವರ ಮನೆಗಳಲ್ಲಿ ಶುಕ್ರವಾರ ಒಣದ್ರಾಕ್ಷಿಯನ್ನು ಕೆಲವರು ನೆನೆಸಿ, ಕೆಲವರು ಕುದಿಸಿ, ಕಿವುಚಿ, ಸೋಸಿ ಶರಬತ್ತು ಮಾಡುತ್ತಾರೆ. ಮುಂಬೈ, ಠಾಣೆಗಳಲ್ಲಿ ಇವತ್ತಿಗೂ ಕಿದ್ದೂಷ್ ಆಗುವುದು ಆ ಶರಬತ್ತಿನ ಮೇಲೆ. ನಮ್ಮ ಮಂಗಳೂರಿಗೂ ಈ ಕತೆಯಲ್ಲಿ ಒಂದು ಜಾಗವಿದೆ. ಟ್ಯುನೀಷಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದಿಂದ 1149ರವರೆಗೆ ಈ ಕರಾವಳಿಯಲ್ಲಿದ್ದು ಮಂಗಳೂರಿನಲ್ಲಿ ಕಂಚಿನ ಸಾಮಾನಿನ ಕಾರ್ಖಾನೆ ನಡೆಸಿದ್ದ. ಏಡನ್‌ನ ಗೆಳೆಯರು ಅವನಿಗೆ ಬರೆದ ಪತ್ರಗಳು ಕೈರೋದ ಸಿನಗಾಗಿನಲ್ಲಿ ಉಳಿದು ನಮಗೆ ಸಿಕ್ಕಿವೆ. ಹಡಗಿನಲ್ಲಿ ಅವನಿಗೆ ಕಳಿಸಿದ ಉಡುಗೊರೆಗಳ ಪಟ್ಟಿಯಲ್ಲಿ ಕಾಗದ, ಸಕ್ಕರೆಯ ಜೊತೆ ಒಣದ್ರಾಕ್ಷಿಯೂ ಇದೆ. ವೈನ್ ದ್ರಾಕ್ಷಿ ಬೆಳೆಯದ ಈ ತೀರದಲ್ಲಿ ಒಬ್ಬಂಟಿ ಯೆಹೂದಿ ಮನೆಯೊಂದು ಸಬ್ಬತ್ತಿನ ಬಟ್ಟಲು ತುಂಬಲು ಶಾಸ್ತ್ರ ಬಿಟ್ಟುಕೊಟ್ಟ ದಾರಿ ಆ ಒಣಹಣ್ಣಿನ ಚೀಲದ ಮೂಲಕವೇ ಹಾದುಹೋಗುತ್ತಿತ್ತು.

ಇಲ್ಲಿಯವರೆಗಿನದು ಮನೆಯ ಮೇಜಿನ ಕಡೆಗೆ ಮತ್ತೆ ಮತ್ತೆ ವಾಲಿದ ಶಾಸ್ತ್ರದ ಕತೆ. ಇನ್ನೊಂದು ನಿಯಮ ಮಾತ್ರ ಹಾಗೆ ವಾಲಿಲ್ಲ. ಯೆಹೂದಿಯಲ್ಲದವರು ತಯಾರಿಸಿದ, ಕೆಲವು ಸಂದರ್ಭಗಳಲ್ಲಿ ಮುಟ್ಟಿದ, ವೈನ್ ನಿಷಿದ್ಧ. ಅನ್ಯದೇವತೆಗೆ ಸುರಿದಿರಬಹುದೆಂಬ ಶಂಕೆ ಇದರ ಮೊದಲ ಕಾರಣ. ಜೊತೆಗೆ ಕುಡಿದರೆ ಬೆರೆಯುತ್ತಾರೆ, ಬೆರೆತರೆ ಹೆಣ್ಣು ಕೊಟ್ಟು ತಂದು ಮಾಡುತ್ತಾರೆ ಎಂಬ ಭಯ ಎರಡನೆಯದು. ಸುತ್ತಲೂ ಬಲಿಷ್ಠ ಬಹುಸಂಖ್ಯಾತರಿದ್ದು ಕರಗಿಹೋಗುವ ಅಂಚಿನಲ್ಲಿ ಬದುಕಿದ ಸಣ್ಣ ಸಮುದಾಯದ ಭಯ ಅದು ಎಂಬುದನ್ನು ಮರೆಯಬಾರದು.

ಈ ನಿಯಮಕ್ಕೂ ತಾಲ್ಮುದ್ ಒಂದು ಕಿಂಡಿ ಇಟ್ಟಿದೆ. ಮೂರನೇ ಶತಮಾನದ ಬಾಬಿಲೋನಿನ ನೆಹರ್ದೆಯಾ ಪಟ್ಟಣದಲ್ಲಿ ಶ್ಮುಯೇಲ್ ಎಂಬ ಪಂಡಿತನಿಗೆ ಅಬ್ಲಾತ್ ಎಂಬ ಅನ್ಯಧರ್ಮೀಯ ಗೆಳೆಯನಿದ್ದ; ಇಬ್ಬರಿಗೂ ಗ್ರಹನಕ್ಷತ್ರಗಳ ವಿದ್ಯೆ ಗೊತ್ತಿತ್ತು. ಒಮ್ಮೆ ಅವರು ಕುಳಿತಿದ್ದಾಗ ಕಾಯಿಸಿದ ವೈನ್ ಬಂತು. ಗೆಳೆಯನ ಧರ್ಮಕ್ಕೆ ತೊಂದರೆಯಾಗದಿರಲಿ ಎಂದು ಅಬ್ಲಾತ್ ತಾನಾಗಿ ಕೈ ಹಿಂದಕ್ಕೆ ಎಳೆದುಕೊಂಡ. ಕಾಯಿಸಿದ್ದಕ್ಕೆ ಆ ನಿಷೇಧ ಹತ್ತುವುದಿಲ್ಲ ಎಂದು ಶ್ಮುಯೇಲ್ ಅವನಿಗೆ ತಿಳಿಸಿದ. ಮೈಮೊನಿಡೀಸ್ ಇದಕ್ಕೆ ಕೊಡುವ ಕಾರಣ ಯಜ್ಞವೇದಿಗೇ ಹೋಗಿ ಮುಟ್ಟುತ್ತದೆ: ನಿಷೇಧ ಇರುವುದು ವೇದಿಗೆ ಯೋಗ್ಯವಾದ ವೈನಿಗೆ ಮಾತ್ರ, ಕಾಯಿಸಿದ್ದು ಯೋಗ್ಯವಲ್ಲ. ಹಾಗಿದ್ದರೆ ಗೆಳೆಯನೊಡನೆ ಹಂಚಿಕೊಳ್ಳಬಹುದಾದ ವೈನ್ ಕಿದ್ದೂಷ್‌ಗೆ ಸಲ್ಲದು, ಕಿದ್ದೂಷ್‌ಗೆ ಸಲ್ಲುವ ವೈನನ್ನು ಗೆಳೆಯನೊಡನೆ ಹಂಚಿಕೊಳ್ಳುವಂತಿಲ್ಲ. ಒಂದೇ ಅಳತೆಗೋಲು ಎರಡು ಕಡೆ ಎರಡು ಫಲ ಕೊಟ್ಟಿತು.

ಇವತ್ತಿನ ಕಾರ್ಖಾನೆಗಳು ಈ ಗಂಟನ್ನು ಯಂತ್ರದಿಂದ ಬಿಡಿಸಿವೆ. ರಸವನ್ನೋ ವೈನನ್ನೋ ಕೆಲವೇ ಕ್ಷಣ ತೀವ್ರ ಶಾಖಕ್ಕೆ ಒಡ್ಡಿ ಕೂಡಲೇ ತಣಿಸುತ್ತಾರೆ. ರುಚಿ ಹೆಚ್ಚು ಕೆಡುವುದಿಲ್ಲ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ‘ಮೆವುಶಾಲ್’, ಅಂದರೆ ಕಾಯಿಸಿದ್ದೇ, ಎಂದು ನ್ಯೂಯಾರ್ಕಿನ ಮೋಶೆ ಫೈನ್‌ಸ್ಟೀನ್ ತೀರ್ಪು ಕೊಟ್ಟರು. ಔರ್‌ಬಾಖ್ ಒಪ್ಪಲಿಲ್ಲ. ಹಳೆಯ ಪಂಡಿತರು ಕಾಯಿಸಿದ ವೈನನ್ನು ನಿಷೇಧದಿಂದ ಬಿಟ್ಟದ್ದು ಅದು ಅಪರೂಪವಾಗಿತ್ತು, ಅದರ ರುಚಿಯೇ ಬೇರೆಯಾಗುತ್ತಿತ್ತು ಎಂಬುದಕ್ಕೆ. ಈಗ ಎಲ್ಲೆಡೆ ಸಿಗುವ, ರುಚಿಯೂ ಬದಲಾಗದ ವೈನಿಗೆ ಆ ವಿನಾಯಿತಿ ಹೇಗೆ ಹೊಂದೀತು ಎಂದು ಅವರ ಪ್ರಶ್ನೆ. ಬರಿಯ ತರ್ಕದ ಮಟ್ಟಿಗೆ ಔರ್‌ಬಾಖ್ ಮಾತೇ ಹೆಚ್ಚು ಗಟ್ಟಿ. ಆದರೂ ಮದುವೆಮನೆಗಳಲ್ಲಿ, ಹೋಟೆಲುಗಳಲ್ಲಿ, ಬೇರೆ ಬೇರೆ ಧರ್ಮದವರು ಬಡಿಸುವ, ಬೇರೆ ಬೇರೆ ಧರ್ಮದವರು ಉಣ್ಣುವ ಜಾಗಗಳಲ್ಲಿ ನಡೆಯುವುದು ಫೈನ್‌ಸ್ಟೀನ್ ತೀರ್ಪೇ. ಬಡಿಸುವವನ ಕೈಯಿಂದ ಸೀಸೆ ಕಿತ್ತುಕೊಳ್ಳದೆ ಇರಲು ಸಮುದಾಯ ಆರಿಸಿಕೊಂಡ ದಾರಿ ಅದು.

ಕಾಯಿಸದ ದುಬಾರಿ ವೈನ್ ತಯಾರಾಗುವ ಕಡೆ ಈ ಸಮಾಧಾನ ಇಲ್ಲ. ಅಲ್ಲಿ ಪೀಪಾಯಿ, ನಲ್ಲಿಗಳನ್ನು ಮುಟ್ಟುವವರು ಸಬ್ಬತ್ ಆಚರಿಸುವ ಯೆಹೂದಿಗಳೇ ಆಗಿರಬೇಕು. 2018ರಲ್ಲಿ ಇಸ್ರೇಲಿನ ದೊಡ್ಡ ವೈನ್ ಕಂಪನಿಯೊಂದು ಅತಿ ಕಟ್ಟುನಿಟ್ಟಿನ ಪಂಗಡವೊಂದರಿಂದ ತನ್ನ ವೈನ್ ಧರ್ಮಸಮ್ಮತ ಎಂಬ ಪ್ರಮಾಣಮುದ್ರೆ ಪಡೆಯುವ ಸಲುವಾಗಿ ಇಥಿಯೋಪಿಯಾ ಮೂಲದ ತನ್ನ ಯೆಹೂದಿ ಕೆಲಸಗಾರರನ್ನು ವೈನ್ ಮುಟ್ಟುವ ಕೆಲಸದಿಂದ ಬೇರೆಡೆಗೆ ಹಾಕಿತು. ಅವರ ಯೆಹೂದಿತನದ ಬಗ್ಗೆ ಆ ಪಂಗಡಕ್ಕೆ ಅನುಮಾನವಂತೆ. ಇಥಿಯೋಪಿಯಾದವರು ಯೆಹೂದಿಗಳೇ ಎಂದು ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ 1973ರಲ್ಲೇ ತೀರ್ಪು ಕೊಟ್ಟಿದ್ದರು. ಅವರ ಮಗ, 2018ರಲ್ಲಿ ಅದೇ ಪೀಠದಲ್ಲಿದ್ದ ಯಿತ್ಸ್‌ಹಾಕ್ ಯೋಸೆಫ್, ಇದು ಜನಾಂಗದ್ವೇಷ ಎಂದು ಬಹಿರಂಗವಾಗಿ ಖಂಡಿಸಿದರು. ಕಂಪನಿ ಹಿಂದೆ ಸರಿಯಿತು.

ಬೆನೆ ಇಸ್ರಾಯೇಲರು ಈ ಅವಮಾನವನ್ನು ಇನ್ನೂ ಮೊದಲೇ ಉಂಡಿದ್ದರು. 1960ರ ದಶಕದ ಆರಂಭದಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿ ಅವರ ಮದುವೆ ನೋಂದಾಯಿಸುವ ಮುನ್ನ ವಂಶಮೂಲ ವಿಚಾರಿಸಬೇಕೆಂದು ಸುತ್ತೋಲೆ ಕಳಿಸಿತು. ಅವರು ಜೆರುಸಲೇಮಿನಲ್ಲಿ ಧರಣಿ ಕೂತರು. 1964ರಲ್ಲಿ ಅಲ್ಲಿನ ಸಂಸತ್ತು ಅವರು ಎಲ್ಲ ರೀತಿಯಲ್ಲೂ ಯೆಹೂದಿಗಳೇ ಎಂದು ಘೋಷಿಸಿತು, ಸುತ್ತೋಲೆ ಬದಲಾಯಿತು. ತಲೆಮಾರುಗಳ ಕಾಲ ರಬ್ಬಿಯಿಲ್ಲದೆ, ಗ್ರಂಥವಿಲ್ಲದೆ, ಒಣದ್ರಾಕ್ಷಿಯ ಶರಬತ್ತಿನ ಮೇಲೆ ಸಬ್ಬತ್ತನ್ನು ಉಳಿಸಿಕೊಂಡು ಬಂದವರನ್ನು ನೀವು ಯಾರು ಎಂದು ಕೇಳಲಾಗಿತ್ತು.

ಯಜ್ಞವೇದಿಯ ಅಳತೆ ವೈನನ್ನು ಪ್ರಶ್ನಿಸುತ್ತದೆ. ರೊಟ್ಟಿ, ದೀಪ, ಬಿಯರ್, ಒಣದ್ರಾಕ್ಷಿಯ ತೀರ್ಪುಗಳು ಬಟ್ಟಲು ಹಿಡಿದವನ ಸ್ಥಿತಿಯನ್ನು ವಿಚಾರಿಸುತ್ತವೆ. ಸ್ಪರ್ಶದ ನಿಯಮ ಪ್ರಶ್ನಿಸುವುದು ಮೇಜಿನ ಬಳಿಯೇ ಇರದ ಮೂರನೆಯವನನ್ನು, ಪೀಪಾಯಿಯ ಪಕ್ಕದಲ್ಲಿ ನಿಂತು ಸಂಬಳಕ್ಕೆ ದುಡಿಯುವವನನ್ನು. ತನ್ನ ಕೈಯ ಬಗ್ಗೆ ಅವನು ಉತ್ತರ ಕೊಡಬೇಕು, ಕೊಟ್ಟ ಉತ್ತರ ಸಾಲದಿದ್ದರೆ ಕೆಲಸ ಬಿಡಬೇಕು. ಸ್ಪರ್ಶದ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟ ನಾಡಿನಲ್ಲಿ ಬೆಳೆದವರಿಗೆ ಇದರ ನೋವು ವಿವರಿಸಬೇಕಾಗಿಲ್ಲ, ಎರಡರ ಚರಿತ್ರೆ ಬೇರೆ ಬೇರೆಯಾದರೂ. ಅನ್ಯದೇವತೆಗೆ ವೈನ್ ಸುರಿಯುವ ರೋಮನ್ ಯಜಮಾನ ಈಗ ಎಲ್ಲೂ ಇಲ್ಲ. ಹಾವಿನ ಭಯ ಹೋದಾಗ ಶಾಸ್ತ್ರಕಾರರು ನಿಯಮಕ್ಕೆ ಇನ್ನೇನು ಆಧಾರ ಉಳಿದಿದೆ ಎಂದು ಹುಡುಕಿ ಮರ್ಯಾದೆ ಎಂಬ ಕಾರಣ ಕೊಟ್ಟರು. ಇಲ್ಲಿಯೂ ಹಾಗೆಯೇ ಹುಡುಕಲಿ. ಪ್ರಮಾಣಮುದ್ರೆ ಕೊಡುವ ಮಂಡಳಿಗಳು ಮೊದಲ ಹೆಜ್ಜೆಯಾಗಿ ಮಾಡಬಹುದಾದ ಕೆಲಸ ಕಷ್ಟದ್ದಲ್ಲ: ಯೆಹೂದಿ ಎಂದು ಬದುಕುತ್ತಿರುವ ಯಾವ ಕೆಲಸಗಾರನ ಬಣ್ಣವನ್ನೂ ಮೂಲವನ್ನೂ ಕೆದಕುವುದಿಲ್ಲ ಎಂದು ತಮ್ಮ ಷರತ್ತುಗಳಲ್ಲೇ ಬರೆದುಕೊಳ್ಳುವುದು, ಬರೆಯದ ಮಂಡಳಿಯ ಮುದ್ರೆಯನ್ನು ವೈನ್ ಕಂಪನಿಗಳು ನಿರಾಕರಿಸುವುದು.